ಮೈಲುತುತ್ತ, ಸುಣ್ಣ ಮತ್ತು ಬಿ.ಎಡ್.: ವಿಜ್ಞಾನ ಶಿಕ್ಷಕರನ್ನು ಸಿದ್ಧಪಡಿಸುವ ಕೆಲಸದ ಕುರಿತು

ಪಿಯು ರಸಾಯನಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಪದವಿಪೂರ್ವ ತರಗತಿಗಳಿಗೆ ರಸಾಯನಶಾಸ್ತ್ರ ಬೋಧಿಸುತ್ತಿದ್ದೇನೆ. ಮುಂದಿನ ತಿಂಗಳು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೆ ಮೂರು ದಿನಗಳ ತರಬೇತಿ ನಡೆಯಲಿದ್ದು, ಸಂಪನ್ಮೂಲ ವ್ಯಕ್ತಿಯಾಗಿ ಬರಬೇಕೆಂದು ನನಗೆ ಹೇಳಿದ್ದಾರೆ. ಒಪ್ಪಿಕೊಂಡ ಮೇಲೆ ಅಳುಕು ಶುರುವಾಗಿದೆ. ಹದಿನೇಳು ವರ್ಷದ ವಿದ್ಯಾರ್ಥಿಗೆ ಅನುಮಾಪನ (ಟೈಟ್ರೇಶನ್) ಹೇಳಿಕೊಡುವುದು ನನಗೆ ಗೊತ್ತು. ಆದರೆ ಇಪ್ಪತ್ತು ವರ್ಷ ಪಾಠ ಮಾಡಿರುವ ಶಿಕ್ಷಕರೊಬ್ಬರ ಮುಂದೆ ನಿಂತು ಅದನ್ನೇ ಹೇಳಿದರೆ ಅವರಿಗೆ ಅದರಿಂದ ಸಿಗುವುದೇನು?

ನನ್ನ ಗೊಂದಲ ಇಷ್ಟು. ಶಿಕ್ಷಕರಿಗೆ ಕಲಿಸುವುದೆಂದರೆ ವಿಷಯವನ್ನು ಮತ್ತೊಮ್ಮೆ ಕಲಿಸುವುದೇ, ಬೋಧನಾ ವಿಧಾನವನ್ನು ಕಲಿಸುವುದೇ, ಅಥವಾ ಇವೆರಡೂ ಅಲ್ಲದ ಬೇರೆಯದೇ ಕೆಲಸವೇ? ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ, ಅನಂತರ ಶಿಕ್ಷಕರ ತರಬೇತಿಗೇ ವೃತ್ತಿಜೀವನವನ್ನು ಕೊಟ್ಟ ಹಿರಿಯರು ಇಲ್ಲಿದ್ದಾರೆಂದು ಬಲ್ಲೆ. ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಉಪನ್ಯಾಸಕ, ಮಡಿಕೇರಿ

ಮೇಡಂ, ನಿಮ್ಮ ಅಳುಕು ಒಳ್ಳೆಯ ಲಕ್ಷಣ. ನನಗೆ ಆ ಅಳುಕು ಬಂದದ್ದು ಬಹಳ ತಡವಾಗಿ.

ನಾನು ಓದಿದ್ದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ. ಎನ್‌ಸಿಇಆರ್‌ಟಿ 1963ರಲ್ಲಿ ಅಜ್ಮೇರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಇಂತಹ ನಾಲ್ಕು ಕಾಲೇಜುಗಳನ್ನು ಆರಂಭಿಸಿತ್ತು. ಇಂದು ಅವು ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳೆಂದು ಕರೆಯಲ್ಪಡುತ್ತವೆ. ಅಲ್ಲಿನ ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ಪದವಿಯಲ್ಲಿ ಬೆಳಿಗ್ಗೆ ಲವಣ ವಿಶ್ಲೇಷಣೆ ಮಾಡಿದ ಕೈಯಲ್ಲೇ ಮಧ್ಯಾಹ್ನ ಪಾಠ ಯೋಜನೆ ಬರೆಯಬೇಕಿತ್ತು. ವಿಷಯ ಬೇರೆ, ವಿಧಾನ ಬೇರೆ ಎಂಬ ಗೋಡೆ ಅಲ್ಲಿರಲಿಲ್ಲ. ಅದು ಎಂತಹ ಅದೃಷ್ಟವೆಂದು ತಿಳಿದದ್ದು ಆ ಗೋಡೆ ಇರುವ ಕಡೆಗೆ ಕೆಲಸಕ್ಕೆ ಹೋದ ಮೇಲೆ.

ಕೊಡಗಿಗೆ ಹಿಂದಿರುಗಿ ಪದವಿ ತರಗತಿಗಳಿಗೆ ಹತ್ತು ವರ್ಷ ಅಕಾರ್ಬನಿಕ ರಸಾಯನಶಾಸ್ತ್ರ ಬೋಧಿಸಿದೆ. ಅನಂತರ ಒಂದು ಶಿಕ್ಷಣ ಕಾಲೇಜಿನಲ್ಲಿ ವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕನಾದೆ. ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುತ್ತಿದ್ದುದನ್ನೇ: ಸೂಕ್ಷ್ಮ ಬೋಧನೆ, ಪಾಠ ಯೋಜನೆ, ವಿಮರ್ಶಾ ಪಾಠ. ಪ್ರಶಿಕ್ಷಣಾರ್ಥಿಗಳು ಆರು ನಿಮಿಷ ಪಾಠ ಮಾಡುತ್ತಿದ್ದರು, ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕಪ್ಪುಹಲಗೆಯ ಬಳಕೆ, ಪ್ರಶ್ನೆ ಕೇಳುವ ಕೌಶಲ, ಧ್ವನಿಯ ಏರಿಳಿತ ಇತ್ಯಾದಿಗಳಿಗೆ ಅಂಕ ಹಾಕುತ್ತಿದ್ದೆ. ಒಂದು ದಿನ ಒಬ್ಬಾಕೆ ನೀರು ಕುದಿಯುವ ಪಾಠವನ್ನು ಬಹಳ ಚೆನ್ನಾಗಿ ಮಾಡಿದಳು. ಚಿತ್ರಪಟ ಚೆನ್ನಾಗಿತ್ತು, ಅಕ್ಷರ ಮುತ್ತಿನಂತಿತ್ತು. ಪಾಠ ಮುಗಿದ ಮೇಲೆ, ಕುದಿಯುವ ನೀರಿನ ಗುಳ್ಳೆಯೊಳಗೆ ಏನಿರುತ್ತದೆ ಎಂದು ಸುಮ್ಮನೆ ಕೇಳಿದೆ. ‘ಜಲಜನಕ ಮತ್ತು ಆಮ್ಲಜನಕ ಸರ್’ ಎಂದಳು. ತರಗತಿಯಲ್ಲಿದ್ದ ಮೂವತ್ತು ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅದನ್ನು ಒಪ್ಪಿದರು, ನಾಲ್ಕೈದು ಮಂದಿ ಗಾಳಿ ಎಂದರು. ಎಲ್ಲರೂ ವಿಜ್ಞಾನ ಪದವೀಧರರು. ನ್ಯೂಜಿಲೆಂಡಿನ ಮಕ್ಕಳಲ್ಲೂ ಇದೇ ಕಲ್ಪನೆ ಇದೆಯೆಂದು 1980ರ ದಶಕದಲ್ಲೇ ಅಲ್ಲಿನ ಸಂಶೋಧಕರು ಬರೆದಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಅಂದು ಮಾತ್ರ, ಆ ಪಾಠಕ್ಕೆ ನಾನೇ ಹಾಕಿದ್ದ ಹತ್ತಕ್ಕೆ ಒಂಬತ್ತು ಅಂಕವನ್ನು ನೋಡುತ್ತ ಕುಳಿತೆ.

ಹಾಗಾದರೆ ವಿಷಯವನ್ನು ಮತ್ತೊಮ್ಮೆ ಬೋಧಿಸಿದರೆ ಸಾಕೇ? ನಾನೂ ಹಾಗೆಂದುಕೊಂಡು ಎರಡು ವರ್ಷ ಪದವಿ ತರಗತಿಯ ಟಿಪ್ಪಣಿಗಳನ್ನೇ ಹಿಡಿದು ಪಾಠ ಹೇಳಿದೆ. ಅದೂ ವ್ಯರ್ಥವಾಯಿತು. ಅವರಿಗೆ ಆವಿಯ ಒತ್ತಡದ ಸಮೀಕರಣ ಬರುತ್ತಿತ್ತು. ಆದರೆ ಆ ಸಮೀಕರಣಕ್ಕೂ ಒಲೆಯ ಮೇಲಿನ ಪಾತ್ರೆಗೂ ಸಂಬಂಧ ಕಟ್ಟಲು ಬರುತ್ತಿರಲಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಅವರು ರಸಾಯನಶಾಸ್ತ್ರವನ್ನು ಮೂರು ಮೂಲೆಗಳ ತ್ರಿಕೋನವೆಂದು ವಿವರಿಸಿದ್ದಾರೆ: ಕಣ್ಣಿಗೆ ಕಾಣುವುದು, ಕಾಣದ ಅಣುಗಳ ಲೋಕ, ಮತ್ತು ಸಂಕೇತಗಳು. ತಜ್ಞನಾದವನು ಒಂದೇ ವಾಕ್ಯದಲ್ಲಿ ಮೂರು ಮೂಲೆಗಳಿಗೂ ಹೋಗಿ ಬಂದುಬಿಡುತ್ತಾನೆ, ಹಾಗೆ ಹೋಗಿ ಬಂದದ್ದು ಅವನಿಗೇ ತಿಳಿದಿರುವುದಿಲ್ಲ, ಕಲಿಯುವವನು ಮಾತ್ರ ದಾರಿಯಲ್ಲೇ ಉಳಿದುಬಿಡುತ್ತಾನೆ. ನನ್ನ ಅನುಭವದಲ್ಲಿ ಶಿಕ್ಷಕರಿಗೆ ಕಲಿಸಬೇಕಾದದ್ದು ಈ ಓಡಾಟವನ್ನು. ಅದು ವಿಷಯವೂ ಹೌದು, ವಿಧಾನವೂ ಹೌದು.

ಒಂದು ಉದಾಹರಣೆ ಕೊಟ್ಟು ನಿಲ್ಲಿಸುತ್ತೇನೆ. ಮೋಲ್, ಅಂದರೆ ಕಣಗಳನ್ನು ಎಣಿಸುವ ಏಕಮಾನದ ಪರಿಕಲ್ಪನೆಯೆಂದರೆ ಶಿಕ್ಷಕರೇ ಹೆದರುತ್ತಾರೆ. ನಾನು ಅದನ್ನು ಕಾಫಿ ತೋಟದಿಂದ ಆರಂಭಿಸುತ್ತಿದ್ದೆ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡಲು 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೆ ಮಗ್ಗಿಯಷ್ಟೇ ಸಲೀಸು. ಮೈಲುತುತ್ತದ ಒಂದು ಮೋಲ್‌ನ ತೂಕ ಸುಮಾರು 250 ಗ್ರಾಂ, ಆದ್ದರಿಂದ 1 ಕಿಲೋದಲ್ಲಿ 4 ಮೋಲ್. ಒಂದು ಮೋಲ್ ಮೈಲುತುತ್ತಕ್ಕೆ ಒಂದು ಮೋಲ್ ಅರಳಿದ ಸುಣ್ಣ ಸಾಕು. ಅದರ ಒಂದು ಮೋಲ್ 74 ಗ್ರಾಂ, ನಾಲ್ಕಕ್ಕೆ 296 ಗ್ರಾಂ. ಹಾಗಿದ್ದರೆ ಬೆಳೆಗಾರರು 1 ಕಿಲೋ ಸುಣ್ಣವನ್ನು ಯಾಕೆ ಹಾಕುತ್ತಾರೆ? ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ನಾನು ಕುಳಿತುಬಿಡುತ್ತಿದ್ದೆ. ನಲವತ್ತು ನಿಮಿಷ ನನ್ನ ಅಗತ್ಯವೇ ಬೀಳುತ್ತಿರಲಿಲ್ಲ.

ಪ್ರೌಢಶಾಲಾ ಶಿಕ್ಷಕಿ (ಸಿಬಿಝಡ್: ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಶನಿವಾರಸಂತೆ

ಸರ್, ನಿಮ್ಮ ಆ ಪ್ರಶ್ನೆಗೆ ಉತ್ತರಿಸಿದವರಲ್ಲಿ ನಾನೂ ಒಬ್ಬಳು. ಆದರೆ ಗೌರವಪೂರ್ವಕವಾಗಿಯೇ ಒಂದು ಭಿನ್ನಾಭಿಪ್ರಾಯ ಹೇಳಬೇಕಿದೆ. ಬಿ.ಎಡ್.ನಲ್ಲಿ ಕಲಿತದ್ದನ್ನು ನಾನು ಶಾಲೆಗೆ ತಂದಾಗ ಅಡ್ಡ ಬಂದದ್ದು ತ್ರಿಕೋನದ ಯಾವ ಮೂಲೆಯೂ ಅಲ್ಲ, ಭಾಷೆ.

ನಾನು ಪದವಿ ಓದಿದ್ದು ಇಂಗ್ಲಿಷ್‌ನಲ್ಲಿ, ಪಾಠ ಮಾಡುವುದು ಕನ್ನಡದಲ್ಲಿ, ನನ್ನ ತರಗತಿಯ ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡವಲ್ಲ. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಕ್ಕಳಲ್ಲಿ ತಮಿಳು, ಮಲಯಾಳಂ ಮಾತನಾಡುವವರಿದ್ದಾರೆ, ಅರೆಭಾಷೆ, ತುಳು, ಯರವ ಮಾತನಾಡುವವರೂ ಇದ್ದಾರೆ. ‘ಆಮ್ಲಜನಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಆಮ್ಲವನ್ನು ಹುಟ್ಟಿಸುವಂಥದ್ದು ಎಂದು ಅದರ ಅರ್ಥ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದೆಯೆಂದು ಲವಾಸಿಯೆ ತಪ್ಪಾಗಿ ಭಾವಿಸಿ ಇಟ್ಟ ಗ್ರೀಕ್ ಮೂಲದ ಹೆಸರಿನ ನೇರ ಅನುವಾದ ಅದು. ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವಲ್ಲ ಟೀಚರ್, ಅದು ಆಮ್ಲ ಹೇಗಾಯಿತು?’ ಎಂದು ಕೇಳಿದ. ಆ ಪ್ರಶ್ನೆಗೆ ನನ್ನನ್ನು ಯಾವ ತರಬೇತಿಯೂ ಸಿದ್ಧಗೊಳಿಸಿರಲಿಲ್ಲ. ಉತ್ತರ ಹುಡುಕಿಕೊಂಡು ಮರುದಿನ ಹೇಳಿದೆ.

ಸಂಪನ್ಮೂಲ ವ್ಯಕ್ತಿಗಳಾಗಿ ಬರುವ ಕಾಲೇಜು ಉಪನ್ಯಾಸಕರು ಇಂಗ್ಲಿಷ್ ಪದಗಳಲ್ಲೇ ಮೂರು ದಿನ ಕಳೆದು ಹೋಗುತ್ತಾರೆ. ವಿರಾಜಪೇಟೆಯ ಮೇಡಂ ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಒಂದು ಅವಧಿಯನ್ನಾದರೂ ಪಾರಿಭಾಷಿಕ ಪದಗಳಿಗೆ ಮೀಸಲಿಡಿ. ಯಾವ ಪದ ಅರ್ಥ ಕೊಡುತ್ತದೆ, ಯಾವುದು ದಾರಿ ತಪ್ಪಿಸುತ್ತದೆ ಎಂದು ನಾವು ನಾವೇ ಕುಳಿತು ಚರ್ಚಿಸುವ ಅವಕಾಶ ನಮಗೆ ಎಂದೂ ಸಿಕ್ಕಿಲ್ಲ.

ಕಾಫಿ ಬೆಳೆಗಾರ, ಸುಂಟಿಕೊಪ್ಪ

ನಾನು ಶಿಕ್ಷಕನಲ್ಲ, ಆದರೆ ಬೋರ್ಡೋ ಪ್ರಸ್ತಾಪವಾದದ್ದರಿಂದ ಎರಡು ಮಾತು ಬರೆಯುವ ಧೈರ್ಯ ಮಾಡುತ್ತಿದ್ದೇನೆ. ನಮ್ಮ ತಂದೆ ದ್ರಾವಣ ತಯಾರಾದ ಮೇಲೆ ಉಜ್ಜಿದ ಚಾಕುವಿನ ಅಲಗನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಿದ್ದರು. ಹಾಗೆಯೇ ಸಿಂಪಡಿಸಿದರೆ ಎಲೆ ಸುಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಮಾಡಲು ಬಿಡುತ್ತಿರಲಿಲ್ಲ.

ಈ ಚಾಕುವಿನ ಪರೀಕ್ಷೆಯೂ ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಕಬ್ಬಿಣವು ತಾಮ್ರವನ್ನು ಅದರ ಲವಣದ ದ್ರಾವಣದಿಂದ ಸ್ಥಾನಪಲ್ಲಟಗೊಳಿಸುತ್ತದೆ’ ಎಂಬ ವಾಕ್ಯವೂ ಒಂದೇ ಎಂದು ನನಗೆ ತಿಳಿದದ್ದು ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ. ಅದನ್ನು ಅವಳಿಗೆ ಹೇಳಿಕೊಟ್ಟ ಶಿಕ್ಷಕರು ಯಾರ ಬಳಿ ತರಬೇತಿ ಪಡೆದಿದ್ದರೋ ನಾನರಿಯೆ, ಆದರೆ ಅವರು ನಮ್ಮ ತೋಟಕ್ಕೇ ಬಂದು ಮಕ್ಕಳಿಗೆ ತೋರಿಸಿದ್ದರು.

ಶಿಕ್ಷಕ ಶಿಕ್ಷಣ ಕ್ಷೇತ್ರದ ಉದ್ಯೋಗಿ, ಕುಶಾಲನಗರ

ಮೇಲಿನವರು ಹೇಳಿದ್ದಕ್ಕೆ ವ್ಯವಸ್ಥೆಯ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಶಿಕ್ಷಕರ ತರಬೇತಿಯು ಒಂದೆಡೆ ವಿಶ್ವವಿದ್ಯಾಲಯಗಳಿಂದಲೂ ಇನ್ನೊಂದೆಡೆ ಶಾಲೆಗಳಿಂದಲೂ ದೂರವಾಗಿ ಒಂಟಿಯಾಗಿದೆ ಎಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಬಂದಿತು. ನಮ್ಮ ಜಿಲ್ಲೆಯದು ಕೂಡಿಗೆಯಲ್ಲಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ (ಎನ್‌ಸಿಟಿಇ) 2014ರಲ್ಲಿ ಹೊರಡಿಸಿದ ನಿಯಮಗಳಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷವಾಗಿ, ಅದರಲ್ಲಿ 20 ವಾರಗಳನ್ನು ಶಾಲೆಗಳಲ್ಲಿ ಕಳೆಯುವುದು ಕಡ್ಡಾಯವಾಯಿತು. 2020ರ ನೀತಿಯಂತೂ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆನ್ನುತ್ತದೆ. ಮಡಿಕೇರಿಯ ಸರ್ ಓದಿದ ಮಾದರಿ ಅದೇ ಅಲ್ಲವೇ? ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಯಿತು.

ಆದರೆ ವರ್ಷಗಳನ್ನು ಹೆಚ್ಚಿಸುವುದು ಸುಲಭ, ಕಲಿಸುವವರನ್ನು ತರುವುದು ಕಷ್ಟ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಜೊತೆಗೆ ಎಂ.ಎಡ್. ಮಾಡಿ, ಅದರ ಮೇಲೆ ಶಾಲಾ ತರಗತಿಯ ಅನುಭವವೂ ಇರುವವರು ಬಹಳ ವಿರಳ. ಇದ್ದವರೂ ಪದವಿ ಕಾಲೇಜಿನ ಕಡೆಗೇ ವಾಲುತ್ತಾರೆ. ನಮ್ಮಲ್ಲಿ ಬೋಧನಾ ವಿಧಾನ ಕಲಿಸುವುದನ್ನು ವಿಷಯ ಬಲ್ಲವರು ಕೆಳಗಿನ ಕೆಲಸವೆಂದು ನೋಡುತ್ತಾರೆ, ಶಿಕ್ಷಣಶಾಸ್ತ್ರದವರು ವಿಷಯ ಬಲ್ಲವರನ್ನು ಹೊರಗಿನವರೆಂದು ನೋಡುತ್ತಾರೆ. ಸರ್, ನೀವು ಈ ಎರಡರ ನಡುವೆ ಇಷ್ಟು ವರ್ಷ ಹೇಗೆ ನಿಂತಿರಿ ಎಂಬುದನ್ನು ತಿಳಿಯುವ ಕುತೂಹಲ ನನ್ನದು.

ನಿವೃತ್ತ ಉಪನ್ಯಾಸಕ, ಮಡಿಕೇರಿ

ಶನಿವಾರಸಂತೆಯ ಅಮ್ಮಾ, ನಿಮ್ಮ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಭಾಷೆಯ ವಿಚಾರದಲ್ಲಿ ನಾನು ಮಾಡಬೇಕಾದಷ್ಟು ಮಾಡಲಿಲ್ಲ. ಮೈಸೂರಿನಲ್ಲಿ ಇಂಗ್ಲಿಷ್‌ನಲ್ಲೇ ಓದಿದ ನನಗೆ ಆ ತೊಡಕು ಕಣ್ಣಿಗೇ ಬೀಳಲಿಲ್ಲ. ಆ ಹುಡುಗನ ಪ್ರಶ್ನೆ ನನ್ನ ತರಗತಿಯಲ್ಲಿ ಯಾರಾದರೂ ಕೇಳಿದ್ದಿದ್ದರೆ ಒಂದು ಇಡೀ ಅಧ್ಯಾಯವನ್ನು ಅದರ ಮೇಲೆ ಕಟ್ಟಬಹುದಿತ್ತು.

ಕುಶಾಲನಗರದವರ ಪ್ರಶ್ನೆಗೆ ಬರುತ್ತೇನೆ. ನಿಂತೆ ಎನ್ನುವುದಕ್ಕಿಂತ ಎರಡೂ ಕಡೆ ಬಿದ್ದು ಎದ್ದೆ ಎನ್ನುವುದೇ ಸರಿ. ಒಂದು ಬೀಳಿನ ಕತೆ ಹೇಳುತ್ತೇನೆ. ಸೇವಾನಿರತ ಶಿಕ್ಷಕರಿಗಾಗಿ ಜುಲೈ ತಿಂಗಳಲ್ಲಿ ಒಂದು ತರಬೇತಿ ನಡೆಯಿತು. ಅಮೋನಿಯಾ ಕಾರಂಜಿ ತೋರಿಸುತ್ತೇನೆಂದು ಹಿಂದಿನ ದಿನವೇ ಘೋಷಿಸಿಬಿಟ್ಟಿದ್ದೆ. ನವಸಾಗರಕ್ಕೆ (ಅಮೋನಿಯಂ ಕ್ಲೋರೈಡ್) ಅರಳಿದ ಸುಣ್ಣ ಬೆರೆಸಿ ಕಾಯಿಸಿದರೆ ಬರುವ ಅಮೋನಿಯಾವನ್ನು ದುಂಡುತಳದ ಫ್ಲಾಸ್ಕಿನಲ್ಲಿ ತುಂಬಿ, ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುವ ಫೀನಾಫ್ತಲೀನ್ ಬೆರೆಸಿದ ನೀರಿಗೆ ತಲೆಕೆಳಗಾಗಿ ನಿಲ್ಲಿಸಿದರೆ ನೀರು ಗುಲಾಬಿ ಬಣ್ಣದ ಕಾರಂಜಿಯಾಗಿ ಮೇಲೆ ಚಿಮ್ಮಬೇಕು. ನಲವತ್ತು ಶಿಕ್ಷಕರ ಮುಂದೆ ನಿಲ್ಲಿಸಿದೆ. ಒಂದು ಹನಿಯೂ ಏರಲಿಲ್ಲ. ಇನ್ನೊಮ್ಮೆ ಮಾಡಿದೆ, ಮತ್ತೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಕಾರಣ ಸರಳ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ತೊಳೆದಿಟ್ಟ ಫ್ಲಾಸ್ಕು ವಾರವಾದರೂ ಒಣಗುವುದಿಲ್ಲ. ಅಮೋನಿಯಾ ನೀರಿನಲ್ಲಿ ಎಷ್ಟು ಚೆನ್ನಾಗಿ ಕರಗುತ್ತದೆಯೆಂದರೆ, ಗಾಜಿನ ಒಳಮೈಯ ತೆಳು ತೇವದಲ್ಲೇ ಬಹುಪಾಲು ಕರಗಿಹೋಗಿ, ಕಾರಂಜಿಯನ್ನು ಎಳೆಯಲು ಅನಿಲವೇ ಉಳಿಯುವುದಿಲ್ಲ. ಅದರ ಕರಗುವ ಗುಣವನ್ನು ತೋರಿಸುವ ಪ್ರಯೋಗ ಆ ಗುಣದಿಂದಲೇ ಸೋತಿತು. ಇದನ್ನು ಅರ್ಥ ಮಾಡಿಕೊಳ್ಳುವ ಮೊದಲು ನಾನು ಒಂದು ಸಣ್ಣತನ ಮಾಡಿದೆ: ತಪ್ಪನ್ನು ಪ್ರಯೋಗಾಲಯ ಸಹಾಯಕರ ಮೇಲೆ ಹಾಕಿ ಗದರಿದೆ. ಅವರು ಮಾತನಾಡದೆ ಒಳಗೆ ಹೋಗಿ, ಫ್ಲಾಸ್ಕನ್ನು ಒಲೆಯ ಬಳಿ ಬಿಸಿ ಮಾಡಿ ಒಣಗಿಸಿ, ಅನಿಲ ಹಾದುಬರುವ ಕೊಳವೆಗೆ ಸುಟ್ಟ ಸುಣ್ಣದ ಹರಳು ತುಂಬಿ ತಂದು ಕೊಟ್ಟರು. ಅಮೋನಿಯಾವನ್ನು ಕ್ಯಾಲ್ಸಿಯಂ ಕ್ಲೋರೈಡಿನಿಂದ ಒಣಗಿಸಲು ಬರುವುದಿಲ್ಲ, ಅದು ಅಮೋನಿಯಾದ ಜೊತೆಗೇ ಸೇರಿಕೊಳ್ಳುತ್ತದೆ; ಅದಕ್ಕೆ ಸುಟ್ಟ ಸುಣ್ಣವೇ ಬೇಕು. ಎಸ್‌ಎಸ್‌ಎಲ್‌ಸಿ ಓದಿದ್ದ ಆ ಮನುಷ್ಯರಿಗೆ ಅದು ಗೊತ್ತಿತ್ತು. ಕಾರಂಜಿ ಸೂರಿಗೆ ತಾಗುವಂತೆ ಚಿಮ್ಮಿತು ಎಂದು ಬರೆದರೆ ಉತ್ಪ್ರೇಕ್ಷೆಯಾದೀತು, ಆದರೆ ಚಿಮ್ಮಿತು.

ಮಧ್ಯಾಹ್ನ ಎಲ್ಲರ ಮುಂದೆ ಅವರಲ್ಲಿ ಕ್ಷಮೆ ಕೇಳಿದೆ. ಅಲ್ಲಿಂದ ಮುಂದೆ ನನ್ನ ತರಬೇತಿಗಳಲ್ಲಿ ‘ಸೋತ ಪ್ರಯೋಗ’ ಎಂಬ ಅವಧಿಯೊಂದು ಖಾಯಂ ಆಯಿತು. ತೇವಕ್ಕೆ ನೀರೊಡೆದ ಕಾಸ್ಟಿಕ್ ಸೋಡಾ, ಬಣ್ಣ ಕೆಟ್ಟ ಲಿಟ್ಮಸ್ ಕಾಗದ, ಬೂಷ್ಟು ಹಿಡಿದ ಸೋಸು ಕಾಗದ, ಇವನ್ನೆಲ್ಲ ಶಿಕ್ಷಕರು ತಮ್ಮ ತಮ್ಮ ಶಾಲೆಯಿಂದ ತರಬೇಕಿತ್ತು. ಯಾಕೆ ಕೆಟ್ಟಿತು ಎಂದು ವಿವರಿಸುವುದೇ ಪಾಠ. ಮಡಿಕೇರಿಯಲ್ಲಿ ನೀರು 100 ಡಿಗ್ರಿಗೆ ಬದಲಾಗಿ 96ರ ಆಸುಪಾಸಿನಲ್ಲೇ ಕುದಿಯುವುದನ್ನು ಕಂಡು ಥರ್ಮಾಮೀಟರ್ ಕೆಟ್ಟಿದೆಯೆಂದು ಕಸಕ್ಕೆ ಹಾಕಿದ ಶಾಲೆಯೊಂದು ಆ ಅವಧಿಯಲ್ಲೇ ಬೆಳಕಿಗೆ ಬಂದಿತು. ಸಮುದ್ರಮಟ್ಟದಿಂದ ನಾವು ಸಾವಿರ ಮೀಟರಿಗೂ ಮೇಲಿದ್ದೇವೆ, ಥರ್ಮಾಮೀಟರ್ ಸತ್ಯವನ್ನೇ ಹೇಳಿತ್ತು.

ಬಿ.ಎಡ್. ಪ್ರಶಿಕ್ಷಣಾರ್ಥಿ, ಪೊನ್ನಂಪೇಟೆ

ಗುರುಗಳೇ, ನಾನೀಗ ಎರಡನೆಯ ವರ್ಷದಲ್ಲಿದ್ದು ಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುತ್ತಿದ್ದೇನೆ. ಪ್ರಯೋಗ ಸೋತರೆ ಅಂಕ ಹೋಗುತ್ತದೆ ಎಂಬ ಭಯದಿಂದ ನಾವು ಪ್ರಯೋಗವನ್ನೇ ಮಾಡದೆ ಚಿತ್ರ ಬರೆದು ಮುಗಿಸುತ್ತೇವೆ. ಪಾಠ ವೀಕ್ಷಿಸಲು ಬರುವವರು ಪಾಠ ಯೋಜನೆಯ ಪುಸ್ತಕ ಪೂರ್ತಿಯಾಗಿದೆಯೇ ಎಂದು ನೋಡಿ ಸಹಿ ಹಾಕಿ ಹೋಗುತ್ತಾರೆ. ಇಂತಹ ಸ್ಥಿತಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ತಾನಾಗಿ ಏನು ಮಾಡಬಹುದು?

ನಿವೃತ್ತ ಉಪನ್ಯಾಸಕ, ಮಡಿಕೇರಿ

ಪಾಠ ಯೋಜನೆಯನ್ನು ಪೂರ್ತಿಯಾಗಿಯೇ ಬರೆಯಪ್ಪ, ಅದು ನಿನ್ನ ಪದವಿಗೆ ಬೇಕು. ಅದರ ಹಿಂಬದಿಯ ಖಾಲಿ ಪುಟದಲ್ಲಿ, ಅಂದಿನ ತರಗತಿಯಲ್ಲಿ ಮಗುವೊಂದು ಕೊಟ್ಟ ತಪ್ಪು ಉತ್ತರವನ್ನು ಅದರದ್ದೇ ಮಾತಿನಲ್ಲಿ ಬರೆದಿಡು, ತಿದ್ದಬೇಡ. ಆ ಉತ್ತರ ಸರಿಯಾಗಬೇಕಾದರೆ ಜಗತ್ತು ಹೇಗಿರಬೇಕಿತ್ತು ಎಂದು ರಾತ್ರಿ ಯೋಚಿಸು. ಗುಳ್ಳೆಯಲ್ಲಿ ಜಲಜನಕ, ಆಮ್ಲಜನಕ ಇರುವುದೇ ನಿಜವಾಗಿದ್ದರೆ ಸೌದೆ ಒಲೆಯ ಮೇಲೆ ನೀರು ಕಾಯಿಸುವ ಮನೆಗಳ ಗತಿ ಏನಾಗುತ್ತಿತ್ತು ಎಂದು ಕೇಳಿದಾಗಲೇ ನನ್ನ ಪ್ರಶಿಕ್ಷಣಾರ್ಥಿಗಳು ಒಟ್ಟಿಗೆ ನಕ್ಕದ್ದು. ಆಮೇಲೆ ಬಿಸಿ ಆವಿಗೆ ತಣ್ಣನೆಯ ತಟ್ಟೆ ಹಿಡಿದು, ಅದರ ಮೇಲೆ ಕೂಡುವ ಹನಿಯನ್ನು ತೋರಿಸಿದೆ.

ಇನ್ನೊಂದು. ಕಕ್ಕಡ ಹದಿನೆಂಟರಂದು ನಿಮ್ಮ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರಲ್ಲ, ಆ ಸೊಪ್ಪು ಬೇಯಿಸಿದ ನೇರಳೆ ನೀರನ್ನು ಸ್ವಲ್ಪ ಎತ್ತಿಡು. ಒಂದು ಪ್ರನಾಳಕ್ಕೆ ನಿಂಬೆರಸ, ಇನ್ನೊಂದಕ್ಕೆ ಸುಣ್ಣದ ತಿಳಿ, ಮೂರನೆಯದಕ್ಕೆ ಕಾಚಂಪುಳಿಯ (ನಮ್ಮ ಕೊಡಗಿನ ಕಪ್ಪು ಹುಳಿ) ಹನಿ ಹಾಕಿ ನೋಡು. ದಾಸವಾಳದ ರಸದ ಪ್ರನಾಳಗಳನ್ನು ಪಕ್ಕದಲ್ಲಿಟ್ಟು ಹೋಲಿಸು. ಏನಾಗುತ್ತದೆಂದು ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳುವುದಿಲ್ಲ.

ಪಿಯು ರಸಾಯನಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ

ಎಲ್ಲರಿಗೂ ಕೃತಜ್ಞತೆಗಳು. ಮೂರು ದಿನಗಳ ನನ್ನ ಕರಡನ್ನು ಬದಲಿಸಿದ್ದೇನೆ. ಮೊದಲ ದಿನ ಶಿಕ್ಷಕರು ತರುವ ಸೋತ ಪ್ರಯೋಗಗಳು. ಎರಡನೆಯ ದಿನ ಬೆಳಿಗ್ಗೆ ಬೋರ್ಡೋ ದ್ರಾವಣದಿಂದ ಮೋಲ್ ಲೆಕ್ಕ, ಮಧ್ಯಾಹ್ನ ಚಾಕುವಿನ ಪರೀಕ್ಷೆ. ಮೂರನೆಯ ದಿನ ಪಾರಿಭಾಷಿಕ ಪದಗಳು. ಆ ಅವಧಿಯನ್ನು ಶನಿವಾರಸಂತೆಯ ಮೇಡಂ ಅವರೇ ನಡೆಸಿಕೊಡಬೇಕೆಂದು ಇಲ್ಲಿಯೇ ಆಹ್ವಾನಿಸುತ್ತಿದ್ದೇನೆ. ಮೈಲುತುತ್ತ ನಮ್ಮ ಪ್ರಯೋಗಾಲಯದಲ್ಲಿದೆ. ಸುಣ್ಣಕ್ಕೆ ಸುಂಟಿಕೊಪ್ಪದವರನ್ನು ಕೇಳಬಹುದೇ? ಕಳೆದ ವರ್ಷ ಉಳಿದದ್ದಿದ್ದರೂ ಸಾಕು.

ಕಾಫಿ ಬೆಳೆಗಾರ, ಸುಂಟಿಕೊಪ್ಪ

ಧಾರಾಳವಾಗಿ ಕೊಡುತ್ತೇನೆ ಮೇಡಂ, ಆದರೆ ಕಳೆದ ವರ್ಷದ್ದು ಬೇಡ. ಬಾಯಿ ತೆರೆದ ಚೀಲದಲ್ಲಿ ಒಂದು ಮಳೆಗಾಲ ಕಳೆದ ಸುಣ್ಣದಿಂದ ದ್ರಾವಣ ಮಾಡಿದರೆ ಎಷ್ಟು ಸುರಿದರೂ ಚಾಕುವಿನ ಮೇಲೆ ಕೆಂಪು ಕೂರುತ್ತದೆ. ಗೋದಾಮಿನಲ್ಲಿ ಅಂಥದ್ದೇ ಅರ್ಧ ಚೀಲ ಬಿದ್ದಿದೆ.

ನಿವೃತ್ತ ಉಪನ್ಯಾಸಕ, ಮಡಿಕೇರಿ

ಮೇಡಂ, ಹೊಸದು ಒಂದು ಕಿಲೋ, ಹಳೆಯದು ಒಂದು ಕಿಲೋ, ಎರಡನ್ನೂ ತನ್ನಿ. ಯಾವುದು ಯಾವುದೆಂದು ಡಬ್ಬದ ಮೇಲೆ ಬರೆಯಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಹಳೆಯದು ಎಷ್ಟು ಪಾಲು ಸೀಮೆಸುಣ್ಣವಾಗಿದೆ ಎಂಬುದನ್ನು ಅವರೇ ಆಮ್ಲ ಹಾಕಿ, ನೊರೆ ನೋಡಿ, ಅಳೆದು ಹೇಳಲಿ. 296 ಗ್ರಾಂ ಸಾಕಾಗುವಲ್ಲಿ ಒಂದು ಕಿಲೋ ಯಾಕೆ ಎಂಬ ನನ್ನ ಪ್ರಶ್ನೆಯ ಅರ್ಧ ಉತ್ತರ ಆ ಡಬ್ಬದಲ್ಲಿದೆ. ಎರಡನೆಯ ದಿನ ಬೆಳಿಗ್ಗೆ ನಾನೂ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕುರ್ಚಿಯೊಂದಿರಲಿ.